ಕವಿಯ ಮಗನಿಗೆ ದಂಡನಾಯಕನ ಹೆಸರು

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ನೆಲಮಂಗಲದ ಹೊಸ್ತಿಲಲ್ಲಿ ಅರಿಶಿನಕುಂಟೆ ಸಿಗುತ್ತದೆ. ಹೆಸರಿನಲ್ಲೇನೋ ಕುಂಟೆಯಿದೆ, ಹೆದ್ದಾರಿಯ ಮೇಲಿಂದ ನೋಡುವವರಿಗೆ ಕಾಣುವುದು ಮಾತ್ರ ಲಾರಿಗಳ ಸಾಲು, ಗೋದಾಮು, ಬಡಾವಣೆ. ಇಲ್ಲಿನ ವಿಶ್ವಶಾಂತಿ ಆಶ್ರಮದ ವಿಶ್ವರೂಪ ವಿಗ್ರಹವನ್ನು ನೋಡಲು ಬಸ್ಸಿನಿಂದ ಇಳಿಯುವವರೂ ಉಂಟು. ರಣರಂಗದ ನಡುವೆ, ಬಿಲ್ಲು ಕೆಳಗಿಟ್ಟು ಕುಳಿತ ಯೋಧ ಗೆಳೆಯನಿಗೆ ಕೃಷ್ಣ ತೋರಿದ ರೂಪ ಅದು.

ಇದೇ ನೆಲಮಂಗಲ ತಾಲ್ಲೂಕಿನಲ್ಲಿ, ಹೆದ್ದಾರಿಯನ್ನು ಬಿಟ್ಟು ಒಳಗೆ ಹೋದರೆ, ಮಣ್ಣೆ ಎಂಬ ಊರಿದೆ. ಎಂಟನೆಯ ಶತಮಾನದಲ್ಲಿ ಅದು ಮಾನ್ಯಪುರ. ಗಂಗ ದೊರೆ ಶ್ರೀಪುರುಷನ ರಾಜಧಾನಿ. ಕೋಲಾರ, ತಲಕಾಡುಗಳ ಹೆಸರು ಬಲ್ಲವರಿಗೂ ಮಣ್ಣೆಯ ಹೆಸರು ಅಷ್ಟಾಗಿ ಗೊತ್ತಿರುವುದಿಲ್ಲ. ಕಪಿಲೇಶ್ವರ ದೇವಾಲಯ ಮತ್ತು ಕೆಲವು ಅವಶೇಷಗಳು ಹಳೆಯ ವೈಭವಕ್ಕೆ ಸಾಕ್ಷಿಯಾಗಿ ಉಳಿದಿವೆ. ಅಲ್ಲಿ ದೊರೆತ 797ರ ತಾಮ್ರಶಾಸನ, ಗಂಗ ಮಾರಸಿಂಹನ ಸೇನಾಪತಿಯಾಗಿದ್ದ ಶ್ರೀವಿಜಯನೆಂಬುವನು ಮಾನ್ಯಪುರದಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಕತ್ತಿ ಹಿಡಿದ ಕೈ ಬಸದಿಗೂ ಪುಸ್ತಕಕ್ಕೂ ಹಣ ಸುರಿಯುವುದು ಗಂಗರ ನಾಡಿನಲ್ಲಿ ಹೊಸದಾಗಿರಲಿಲ್ಲ. ಶ್ರೀವಿಜಯನಾದ ಮೇಲೆ ಸುಮಾರು ನೂರ ಎಂಬತ್ತು ವರ್ಷಗಳಿಗೆ ಅದೇ ಗಂಗರ ಸೇನೆಯಲ್ಲಿ ಇನ್ನೊಬ್ಬ ದಂಡನಾಯಕ ಕಾಣಿಸಿಕೊಂಡ. ಅವನು ಕಡೆಸಿದ ವಿಗ್ರಹ ಶ್ರವಣಬೆಳಗೊಳದ ಬೆಟ್ಟದ ಮೇಲೆ ಇಂದಿಗೂ ನಿಂತಿದೆ. ಆ ಚಾವುಂಡರಾಯನಿಗೆ ಒಬ್ಬ ಕವಿಮಿತ್ರನಿದ್ದ. ಹೆಸರು ರನ್ನ. ಕನ್ನಡದ ರತ್ನತ್ರಯರಲ್ಲಿ ಪಂಪ, ಪೊನ್ನರ ಜೊತೆಗೆ ಎಣಿಸುವ ಮೂರನೆಯ ರತ್ನ.

ರನ್ನನಿಗೆ ಜಕ್ಕಿ ಮತ್ತು ಶಾಂತಿ ಎಂಬ ಇಬ್ಬರು ಹೆಂಡತಿಯರು, ಒಬ್ಬ ಮಗ, ಒಬ್ಬಳು ಮಗಳು. ಮಗನ ಹೆಸರು ರಾಯ. ಮಗಳ ಹೆಸರು ಅತ್ತಿಮಬ್ಬೆ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಈ ವಿವರ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಮರೆಯುತ್ತಾರೆ. ಆದರೆ ಆ ಎರಡು ಹೆಸರುಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಯ ಎಂಬುದು ಚಾವುಂಡರಾಯನನ್ನು ಜನ ಕರೆಯುತ್ತಿದ್ದ ಚಿಕ್ಕ ಹೆಸರು. ಅತ್ತಿಮಬ್ಬೆ ಎಂಬುದು ರನ್ನನಿಗೆ ಆಮೇಲೆ ಆಸರೆಯಾದ ಮಹಾದಾನಿಯ ಹೆಸರು. ಆಕೆಯೂ ಸೇನಾನಾಯಕರ ಮನೆತನದವಳೇ. ದೊರೆಯನ್ನು ಹೊಗಳಿ ಕಾವ್ಯ ಬರೆಯುವುದು ಆ ಕಾಲದ ಕವಿಯ ಕಸುಬಿನ ಭಾಗ. ಅದಕ್ಕೆ ಪ್ರತಿಫಲವೂ ಉಂಟು. ಹೆತ್ತ ಮಗುವಿನ ಕಿವಿಯಲ್ಲಿ ಹೇಳುವ ಹೆಸರಿಗೆ ಯಾರೂ ಸಂಬಳ ಕೊಡುವುದಿಲ್ಲ.

ರನ್ನ ಹುಟ್ಟಿದ್ದು 949ರಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ. ಆಗ ಅದು ಮುದುವೊಳಲು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಕುಲದ ಉದ್ಯೋಗ ಬಳೆ ಮಾರುವುದು. ಈ ಸಂಗತಿಯನ್ನು ಅವನು ಮುಚ್ಚಿಟ್ಟವನಲ್ಲ, ತನ್ನ ಕಾವ್ಯದಲ್ಲೇ ಹೇಳಿಕೊಂಡಿದ್ದಾನೆ. ಪಂಪನಿಗೆ ಹಿನ್ನೆಲೆಯಾಗಿ ವಿದ್ವಾಂಸರ ಮನೆತನವಿತ್ತು. ಬಳೆಗಾರರ ಹುಡುಗನಿಗೆ ಅಂಥದ್ದೇನೂ ಇರಲಿಲ್ಲ. ಓದಬೇಕೆಂಬ ಹಂಬಲ ಹೊತ್ತು ಅವನು ಊರು ಬಿಟ್ಟು ದಕ್ಷಿಣಕ್ಕೆ ಬಂದ. ಗಂಗರ ನಾಡಿನಲ್ಲಿ ಹೆಸರಾಗಿದ್ದ ಅಜಿತಸೇನಾಚಾರ್ಯರು ಅವನಿಗೆ ಗುರುವಾದರು. ಮುಧೋಳದಿಂದ ಗಂಗವಾಡಿಗೆ ಇಂದು ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ತಲುಪಬಹುದು. ಅಂದು ಅದು ತುಂಗಭದ್ರೆಯನ್ನು ದಾಟಿ, ದಂಡು ದಾಳಿಗಳ ನಡುವೆ ದಾರಿ ಹುಡುಕಿಕೊಂಡು ಬರುವ ಪಯಣ.

ಅಜಿತಸೇನಾಚಾರ್ಯರಿಗೆ ಮತ್ತೊಬ್ಬ ಶಿಷ್ಯನಿದ್ದ. ಅವನೇ ಚಾವುಂಡರಾಯ. ಅವನಿಗೆ ಗುರುವಿನ ಬಳಿಗೆ ಬರುವುದು ಯುದ್ಧಗಳ ಬಿಡುವಿನಲ್ಲಿ. ಗಂಗ ದೊರೆ ಎರಡನೆಯ ಮಾರಸಿಂಹ, ಅವನ ನಂತರ ನಾಲ್ಕನೆಯ ರಾಚಮಲ್ಲ, ಇಬ್ಬರಿಗೂ ಅವನು ಮಂತ್ರಿ, ದಂಡನಾಯಕ. ಅವನ ಬಿರುದುಗಳನ್ನು ಓದಿದರೆ ಸೈನಿಕನೊಬ್ಬನ ಸೇವಾ ದಾಖಲೆ ನೋಡಿದಂತಾಗುತ್ತದೆ. ಖೇಡಗದ ಕಾಳಗಕ್ಕೆ ಸಮರಧುರಂಧರ. ಗೋನೂರಿನಲ್ಲಿ ನೊಳಂಬರೊಡನೆ ಕಾದಿದ್ದಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಗೆ ರಣರಂಗಸಿಂಗ. ಇವುಗಳಲ್ಲಿ ಸಮರಪರಶುರಾಮ ಎಂಬ ಬಿರುದಿನ ಕಥೆ ಬೇರೆ ಬಗೆಯದು. ತನ್ನ ಸಹೋದರ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಹುಡುಕಿ ಕೊಂದು ಸೇಡು ತೀರಿಸಿಕೊಂಡದ್ದಕ್ಕೆ ಬಂದದ್ದು ಅದು. ತಂದೆಯ ಕೊಲೆಗೆ ಕೊಡಲಿ ಎತ್ತಿದ ಪುರಾಣದ ಪರಶುರಾಮನ ನೆನಪು ಅದರಲ್ಲಿದೆ. ಈ ಬಿರುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಂಥ ಮನುಷ್ಯ ಬರಿಯ ಕಾವ್ಯಪ್ರೇಮಿಯಾಗಿದ್ದರೂ ಸಾಕಿತ್ತು. ಅವನು ಸ್ವತಃ ಲೇಖಕ. 978ರಲ್ಲಿ ಅರವತ್ತಮೂರು ಮಹಾಪುರುಷರ ಕಥೆಯನ್ನು ಕನ್ನಡ ಗದ್ಯದಲ್ಲಿ ಬರೆದ. ಚಾವುಂಡರಾಯ ಪುರಾಣವೆಂದೇ ಅದು ಪ್ರಸಿದ್ಧ. ಎಲ್ಲರೂ ಚಂಪುವಿನ ಹಿಂದೆ ಬಿದ್ದಿದ್ದ ಕಾಲದಲ್ಲಿ ಗದ್ಯವನ್ನು ಆರಿಸಿಕೊಳ್ಳುವುದಕ್ಕೂ ಒಂದು ಬಗೆಯ ಧೈರ್ಯ ಬೇಕು. ವಡ್ಡಾರಾಧನೆಯನ್ನು ಬಿಟ್ಟರೆ ನಮಗೆ ಉಳಿದಿರುವ ಹಳೆಯ ಕನ್ನಡ ಗದ್ಯಕೃತಿಗಳಲ್ಲಿ ಅದೇ ಮೊದಲ ಸಾಲಿನದು. ಕಲಾವಂತಿಕೆಯಲ್ಲಿ ಅದು ವಡ್ಡಾರಾಧನೆಯ ಸಮಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ದಂಡನಾಯಕ ಕಥೆಯನ್ನು ನೇರವಾಗಿ, ಆಜ್ಞೆ ಹೊರಡಿಸುವ ಹಾಗೆ ಹೇಳಿಕೊಂಡು ಹೋಗುತ್ತಾನೆ.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಅವನಿಗಾಗಿಯೇ ಗೊಮ್ಮಟಸಾರವೆಂಬ ಪ್ರಾಕೃತ ಗ್ರಂಥವನ್ನು ರಚಿಸಿದರು. ಗೊಮ್ಮಟ ಎಂಬುದು ಚಾವುಂಡರಾಯನದೇ ಮನೆಯ ಹೆಸರು, ಅವನು ಕಡೆಸಿದ್ದರಿಂದ ಬಾಹುಬಲಿಯ ವಿಗ್ರಹಕ್ಕೂ ಗೊಮ್ಮಟೇಶ್ವರ ಎಂಬ ಹೆಸರು ಬಂತು ಎಂದು ವಿದ್ವಾಂಸ ಆ. ನೇ. ಉಪಾಧ್ಯೆ ವಾದಿಸಿದ್ದಾರೆ. 58 ಅಡಿ ಎತ್ತರದ ಆ ವಿಗ್ರಹ ಎದ್ದು ನಿಂತದ್ದು 981ರ ಆಸುಪಾಸಿನಲ್ಲಿ. ಆಗ ರನ್ನನಿಗೆ ಮೂವತ್ತೆರಡರ ಸುಮಾರು ಪ್ರಾಯ.

ಇನ್ನು ಇವರಿಬ್ಬರ ಸಂಬಂಧ ಎಂಥದ್ದು ಎಂಬ ಪ್ರಶ್ನೆ. ಪೋಷಕ ಮತ್ತು ಆಶ್ರಿತ ಎಂದು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಆ ಕಾಲದಲ್ಲಿ ಉಂಡ ಮನೆಯ ಋಣಕ್ಕೆ ಎರಡು ಗಟ್ಟಿಯಾದ ಮಾತುಗಳಿದ್ದವು. ಒಂದು ಜೋಳವಾಳಿ, ಒಡೆಯನ ಜೋಳ ತಿಂದದ್ದಕ್ಕೆ ತೀರಿಸಬೇಕಾದ ಋಣ. ಇನ್ನೊಂದು ವೇಳೆವಾಳಿ, ಒಡೆಯ ಸತ್ತರೆ ತಾನೂ ಸಾಯುವೆನೆಂಬ ವ್ರತ. ಇವು ಬರಿಯ ಕಾವ್ಯದ ಅಲಂಕಾರಗಳಲ್ಲ. ಗಂಗರ ಕಾಲದ ಶಾಸನಗಳಲ್ಲಿ ಕೀಳ್ಗುಂಟೆ ಎಂಬ ಮಾತು ಬರುತ್ತದೆ. ಸತ್ತ ಒಡೆಯನ ದೇಹದ ಕೆಳಗಿನ ಕುಳಿಯಲ್ಲಿ ಸೇವಕನೂ ಮಣ್ಣಾಗುವುದು ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಸಾಮಾನ್ಯ ಯೋಧನ ಸಾವಿಗೆ ಒಂದು ವೀರಗಲ್ಲು ಸಿಕ್ಕರೆ ಅದೇ ಭಾಗ್ಯ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲನ್ನು ನೋಡಿದವರಿಗೆ ಇದು ತಿಳಿಯುತ್ತದೆ. ನೊಳಂಬರೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ಮಡಿದ ನಾಗತ್ತರನಿಗೆ ನಿಲ್ಲಿಸಿದ್ದು ಅದು. ಆನೆ, ಕುದುರೆ, ಬಿದ್ದ ಹೆಣಗಳು ಎಲ್ಲವೂ ಆ ಒಂದೇ ಕಲ್ಲಿನಲ್ಲಿ ಗಿಜಿಗುಟ್ಟುತ್ತವೆ.

ಅದೇ ಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲೂ ಇದೆ. 949ರಲ್ಲಿ, ಅಂದರೆ ರನ್ನ ಹುಟ್ಟಿದ ವರ್ಷವೇ, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದರು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಬೂತುಗನ ಬಂಟ ಮಣಲೇರನಿಗೆ ಬೇಕಾದದ್ದನ್ನು ಕೇಳಿಕೋ ಎಂದು ಅಪ್ಪಣೆಯಾಯಿತು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ! ಆ ನಾಯಿ ಮುಂದೆ ಕಾಡುಹಂದಿಯೊಡನೆ ಕಾದಾಡಿ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಗಳೆರಡೂ ಇವೆ. (ರನ್ನನ ಮುಧೋಳವೂ ಬೇಟೆನಾಯಿಗೆ ಹೆಸರಾದ ಊರೇ. ಮುಧೋಳದ ನಾಯಿಗಳು ಇತ್ತೀಚಿನ ವರ್ಷಗಳಲ್ಲಿ ಸೇನೆಯಲ್ಲೂ ತರಬೇತಿ ಪಡೆದಿವೆ.) ಋಣದ ಲೆಕ್ಕಾಚಾರವೇ ಪ್ರಧಾನವಾಗಿದ್ದ ಆ ಲೋಕದಲ್ಲೂ ಲೆಕ್ಕವನ್ನು ಮೀರಿದ ಪ್ರೀತಿಗೆ ಜಾಗವಿತ್ತು ಎಂಬುದಕ್ಕೆ ಈ ನಾಯಿಯ ಕಲ್ಲಿಗಿಂತ ಒಳ್ಳೆಯ ಸಾಕ್ಷಿ ಬೇಡ.

ಕವಿಗೂ ಜೋಳವಾಳಿ ಉಂಟು. ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದು ಧರ್ಮವುರವೆಂಬ ಅಗ್ರಹಾರವನ್ನು ಪಡೆದ. ಮಾತಿಗೆ ಮಾತು, ಊರಿಗೆ ಊರು. ಅಲ್ಲೂ ಸ್ನೇಹವಿರಲಿಲ್ಲವೆಂದಲ್ಲ, ಪಂಪ ಸ್ವತಃ ಕತ್ತಿ ಹಿಡಿದ ಕವಿ. ಆದರೂ ವ್ಯವಹಾರ ಸ್ಪಷ್ಟವಾಗಿತ್ತು. ಚಾವುಂಡರಾಯ ಅರಸನಲ್ಲ. ಕೊಡುವುದಕ್ಕೆ ಅವನ ಕೈಯಲ್ಲಿ ಸಂಪತ್ತಿತ್ತು, ಸಿಂಹಾಸನ ಇರಲಿಲ್ಲ. ಒಬ್ಬ ಗುರುವಿನ ಬಳಿ ಕಲಿತವರು, ಇಬ್ಬರೂ ಲೇಖಕರು, ಒಂದೇ ಧರ್ಮದ ಶ್ರದ್ಧೆಯವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಚಾವುಂಡರಾಯ ರನ್ನನಿಗೆ ಪೋಷಕನಾಗುವ ಮೊದಲು ಅಭಿಮಾನಿಯಾಗಿದ್ದಿರಬೇಕು. ಆ ಕಾಲದ ಕಾವ್ಯ ಕಣ್ಣಿನಲ್ಲಿ ಓದುವುದಕ್ಕಿಂತ ಹೆಚ್ಚಾಗಿ ಕಿವಿಯಲ್ಲಿ ಕೇಳುವ ವಸ್ತು. ಕಂದ, ವೃತ್ತಗಳನ್ನು ರಾಗವಾಗಿ ವಾಚಿಸುತ್ತಿದ್ದರು. ನಮ್ಮ ಗಮಕಿಗಳು ಇಂದಿಗೂ ಉಳಿಸಿಕೊಂಡು ಬಂದಿರುವುದು ಆ ಸಂಪ್ರದಾಯವನ್ನೇ. ಬೀಡಿನಲ್ಲಿ ಕವಿಯ ಕಂಠ ಕೇಳಿದ ಸೇನಾನಿ ಬಳೆಗಾರರ ಹುಡುಗನೆಂದು ಕಡೆಗಣಿಸಲಿಲ್ಲ, ಬರೆ ಎಂದು ಬೆನ್ನು ತಟ್ಟಿದ.

ರನ್ನ ಬರೆದ. ಮೊದಲು ಬರೆದದ್ದು ಆ ಮಿತ್ರನ ಮೇಲೆಯೇ ಎಂದು ತೋರುತ್ತದೆ. ತಾನು ರಚಿಸಿದ ಕೃತಿಗಳ ಸಾಲಿನಲ್ಲಿ ಅವನು ಪರಶುರಾಮಚರಿತವೆಂಬ ಒಂದನ್ನು ಹೆಸರಿಸಿದ್ದಾನೆ. ಸಮರಪರಶುರಾಮ ಎಂಬ ಬಿರುದು ಯಾರದ್ದೆಂದು ಬಲ್ಲ ವಿದ್ವಾಂಸರು, ಪಂಪ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ ಹಾಗೆ ರನ್ನ ಚಾವುಂಡರಾಯನನ್ನು ಪರಶುರಾಮನಲ್ಲಿ ಕಂಡಿರಬೇಕೆಂದು ಊಹಿಸಿದ್ದಾರೆ. ಊಹೆ ಎನ್ನಬೇಕು, ಏಕೆಂದರೆ ಆ ಕಾವ್ಯ ಸಿಕ್ಕಿಲ್ಲ. ಕಳೆದುಹೋಗಿದೆ. ಮಿತ್ರನ ಕಥೆಯನ್ನು ಮಿತ್ರ ಹೇಳಿದ ಪುಸ್ತಕವೇ ಇಲ್ಲವಾಗಿದೆ. ಸಹೋದರನಿಗಾಗಿ ಸೇಡು ತೀರಿಸಿಕೊಂಡವನ ಮನಸ್ಸಿನೊಳಗೆ, ಅವನ ಪಕ್ಕದಲ್ಲೇ ಕುಳಿತಿದ್ದ ಕವಿ ಏನನ್ನು ಕಂಡ? ಆ ಹಿಂಸೆಯನ್ನು ಜೈನ ಕವಿಯೊಬ್ಬ ಹೇಗೆ ನಿಭಾಯಿಸಿದ? ಕೇಳುವುದಕ್ಕೆ ಉಪಾಯವಿಲ್ಲ.

ಕಳೆದುಹೋಗುವುದು ಆಗ ಅಪರೂಪವೂ ಆಗಿರಲಿಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಮಸಿ ತೀಡಿ, ತೂತಿನಲ್ಲಿ ದಾರ ಪೋಣಿಸಿ ಕಟ್ಟಿದ ಕಟ್ಟು ಅದು. ಗೆದ್ದಲು, ತೇವ, ಬೆಂಕಿ ಮೂರೂ ಅದಕ್ಕೆ ವೈರಿಗಳು. ಹಳೆಯ ಕಟ್ಟು ಶಿಥಿಲವಾಗುವುದರೊಳಗೆ ಯಾರಾದರೂ ಕುಳಿತು ಹೊಸ ಗರಿಗೆ ಇಳಿಸಿಕೊಳ್ಳಬೇಕು. ಒಂದು ತಲೆಮಾರು ಬೇಡವೆಂದು ಕೈಬಿಟ್ಟರೆ ಕೃತಿ ಮುಗಿಯಿತು. ತೀರ್ಥಂಕರರ ಕಥೆಯಾದರೆ ಬಸದಿ ಮಠಗಳಲ್ಲಿ ಪ್ರತಿ ಮಾಡುವವರು ಇರುತ್ತಾರೆ, ಅದು ಪುಣ್ಯದ ಕೆಲಸ. ದಂಡನಾಯಕನೊಬ್ಬನ ಚರಿತ್ರೆಯನ್ನು, ಅವನ ವಂಶವೂ ಒಡೆಯರ ರಾಜ್ಯವೂ ಹೋದ ಮೇಲೆ, ಯಾರು ಪ್ರತಿ ಮಾಡುತ್ತಾರೆ?

ಈ ಅಪಾಯವನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದವಳು ರನ್ನನ ಬಾಳಿನಲ್ಲಿ ಆಮೇಲೆ ಬಂದ ಅತ್ತಿಮಬ್ಬೆ. ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ. ತಮ್ಮ ಗುರುವಿನ ನೆನಪಿಗೆ ಪೊನ್ನನಿಂದ ಶಾಂತಿಪುರಾಣವನ್ನು ಬರೆಸಿದ ಸೋದರರು ಇವರೇ. ಪುನ್ನಮಯ್ಯ ಕಾವೇರಿಯ ತೀರದ ಕಾಳಗದಲ್ಲಿ ಮಡಿದ. ಅತ್ತಿಮಬ್ಬೆಯ ಗಂಡ ನಾಗದೇವ, ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಮಗ. ಅವನೂ ಯೋಧ, ಅವನೂ ಬೇಗ ಸತ್ತ. ಅವಳ ತಂಗಿ ಗುಂಡಮಬ್ಬೆಯೂ ಅವನನ್ನೇ ಮದುವೆಯಾಗಿದ್ದಳು, ಗಂಡನೊಡನೆ ಚಿತೆಯೇರಿದಳು. ಅತ್ತಿಮಬ್ಬೆ ಉಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು. ಯುದ್ಧ ಅವಳ ಮನೆಯ ಗಂಡಸರನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಂಡಿತು. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅವಳು ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದೊಂದು ಗರಿಯ ಮೇಲೂ ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ. ಪರಶುರಾಮಚರಿತಕ್ಕೆ ಒಬ್ಬ ಅತ್ತಿಮಬ್ಬೆ ಸಿಗಲಿಲ್ಲ.

ರನ್ನ ಗಂಗರ ನಾಡಿನಲ್ಲೇ ಉಳಿಯಲಿಲ್ಲ. ಅವನ ಬಾಳಿನ ಅತ್ಯಂತ ಕಠಿಣವಾದ ತಿರುವು ಇದು. ಗಂಗರು ರಾಷ್ಟ್ರಕೂಟರ ನೆಂಟರು, ಅವರ ಆಪ್ತ ಸಾಮಂತರು. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದಾಗ ಚಾವುಂಡರಾಯನ ಒಡೆಯ ಮಾರಸಿಂಹ ಸೋತ ಪಕ್ಷದ ಬೆನ್ನಿಗೆ ನಿಂತ, ರಾಷ್ಟ್ರಕೂಟ ಕುಮಾರ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಲು ಹೆಣಗಿದ. ಅದು ಫಲಿಸಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ. ಕೆಲವು ವರ್ಷಗಳ ನಂತರ, 982ರಲ್ಲಿ, ಇಂದ್ರನೂ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ತೀರಿಕೊಂಡ. ಗಂಗರ ಶಕ್ತಿ ಕುಂದತೊಡಗಿತು. ರನ್ನ ಬಡಗಣಕ್ಕೆ ಹೋದ. ಹೋದದ್ದು ಯಾರ ಆಸ್ಥಾನಕ್ಕೆ? ಅದೇ ತೈಲಪನ ಆಸ್ಥಾನಕ್ಕೆ. ಅಲ್ಲಿ ಅವನಿಗೆ ಕವಿಚಕ್ರವರ್ತಿ ಎಂಬ ಬಿರ��ದು ದೊರೆಯಿತು.

ಇದನ್ನು ದ್ರೋಹವೆನ್ನಬೇಕೆ? ಹಾಗೆನ್ನುವವರು ರನ್ನನ ಹುಟ್ಟೂರು ಎಲ್ಲಿದೆಯೆಂಬುದನ್ನು ನೋಡಬೇಕು. ಮುಧೋಳ ಚಾಲುಕ್ಯರ ನಾಡಿನೊಳಗಿನ ಊರು. ಅವನು ಮನೆಗೆ ಮರಳಿದ, ಅಷ್ಟೆ. ಅನ್ನಕ್ಕಾಗಿ ಆಸ್ಥಾನ ಹುಡುಕದೆ ಬದುಕುವ ದಾರಿ ಕವಿಗೆ ಆಗ ಇರಲೂ ಇಲ್ಲ. ಆದರೂ ಹಳೆಯ ಸ್ನೇಹಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಬರಲಾರದು. ಹೊಸ ಒಡೆಯನ ಸಭೆಯಲ್ಲಿ, ಅವನಿಗೆ ಎದುರಾಗಿ ನಿಂತಿದ್ದ ರಾಜ್ಯದ ದಂಡನಾಯಕನ ಹೆಸರನ್ನು ಎತ್ತದೆ ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ.

ರನ್ನ ಸುಮ್ಮನಿರಲಿಲ್ಲ. 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣವನ್ನು ಮುಗಿಸಿದಾಗ, ನಾಡಿನ ದಾನಿಗಳನ್ನು ಒಬ್ಬರಿಗಿಂತ ಒಬ್ಬರು ಹೆಚ್ಚೆಂದು ಎಣಿಸುತ್ತಾ ಹೋಗುವ ಕಡೆ ಬೂತುಗ, ನೊಳಂಬಕುಲಾಂತಕ ಎಂಬ ಬಿರುದಿನ ಮಾರಸಿಂಹ, ಚಾವುಂಡರಾಯ, ಶಂಕರಗಂಡ ಇವರ ಹೆಸರುಗಳನ್ನು ಹೇಳಿ, ಎಲ್ಲರ ಮೇಲೆ ಅತ್ತಿಮಬ್ಬೆಯನ್ನು ಇಡುತ್ತಾನೆ. ಬರೆಸಿದವಳನ್ನು ಎಲ್ಲರಿಗಿಂತ ಎತ್ತರದಲ್ಲಿ ಕೂರಿಸುವುದು ಕವಿಯ ಜೋಳವಾಳಿ. ಅದನ್ನು ಅವನು ತೀರಿಸಿದ. ಆದರೆ ಆ ಮೆಟ್ಟಿಲುಗಳಲ್ಲಿ ಗಂಗರ ದೊರೆಗಳನ್ನೂ ಹಳೆಯ ಗೆಳೆಯನನ್ನೂ ಬಿಡಲಿಲ್ಲ. ತಾನು ಸಾಮಂತರಿಂದ, ಮಂಡಲೇಶ್ವರರಿಂದ, ಕೊನೆಗೆ ಚಕ್ರವರ್ತಿಯಿಂದ ಏಳಿಗೆ ಪಡೆದವನೆಂದೂ ಅದೇ ಪುರಾಣದಲ್ಲಿ ಹೇಳಿಕೊಂಡಿದ್ದಾನೆ. ಏರಿದ ಮೇಲೆ ಏಣಿಯನ್ನು ಒದೆಯುವ ಜಾತಿಯವನಲ್ಲ.

ಹಾಗೆಂದು ರನ್ನ ವಿನಯಶೀಲನೆಂದು ಯಾರೂ ತಿಳಿಯಬೇಕಾಗಿಲ್ಲ. ಆದಿಶೇಷನ ಹೆಡೆಯ ರತ್ನವನ್ನೂ ತನ್ನ ಕಾವ್ಯವನ್ನೂ ಪರೀಕ್ಷಿಸಲು ಹೊರಡುವವನಿಗೆ ಎಷ್ಟು ಗುಂಡಿಗೆ ಇರಬೇಕೆಂದು ಸವಾಲು ಹಾಕಿದವನು ಅವನು. ಅಂಥ ಅಹಂಕಾರಿಯೊಬ್ಬ ತನ್ನ ಮಗನಿಗೆ ಬೇರೊಬ್ಬನ ಹೆಸರಿಟ್ಟ ಎಂಬುದರಿಂದಲೇ ಆ ಹೆಸರಿನ ತೂಕ ಹೆಚ್ಚುತ್ತದೆ.

ರನ್ನನಿಗೆ ಶಾಶ್ವತ ಕೀರ್ತಿ ತಂದ ಗದಾಯುದ್ಧದಲ್ಲಿ ನಾಯಕ ಭೀಮ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯ ಅದು. ಆದ್ದರಿಂದ ಸಾಹಸಭೀಮವಿಜಯ ಎಂದೂ ಹೆಸರು. ಆದರೆ ಓದುಗನ ಮನಸ್ಸನ್ನು ಹಿಡಿಯುವವನು ದುರ್ಯೋಧನ. ಹದಿನೆಂಟನೆಯ ದಿನ, ಸಂಜಯನ ಹೆಗಲ ಮೇಲೆ ಕೈಯಿಟ್ಟು, ಹೆಣಗಳ ನಡುವೆ ಎಡವುತ್ತಾ ಅವನು ನಡೆಯುವ ಭಾಗವನ್ನು ಕನ್ನಡ ಓದಿದವರು ಮರೆಯುವುದು ಕಷ್ಟ. ದ್ರೋಣನ ಹೆಣ, ಹಗೆಯ ಮಗನಾದರೂ ಕೈಮುಗಿಯಬೇಕೆನಿಸುವ ಅಭಿಮನ್ಯುವಿನ ಹೆಣ, ಸ್ವಂತ ಮಗ ಲಕ್ಷಣನ ಹೆಣ, ತಮ್ಮ ದುಶ್ಶಾಸನನ ಹೆಣ. ಕೊನೆಗೆ ಕರ್ಣ. ಕರ್ಣನ ಹುಟ್ಟಿನ ಗುಟ್ಟು ತನಗೆ ಮೊದಲೇ ಗೊತ್ತಿತ್ತೆಂದು ದುರ್ಯೋಧನ ಅಲ್ಲಿ ಬಾಯಿಬಿಡುತ್ತಾನೆ. ಗೊತ್ತಿದ್ದೂ ಸ್ನೇಹವನ್ನು ಬಿಡಲಿಲ್ಲ, ಗುಟ್ಟನ್ನೂ ಬಿಡಲಿಲ್ಲ. ಕುಲ ಕೇಳದೆ ಸೂತನ ಮಗನನ್ನು ಅಪ್ಪಿಕೊಂಡ ಆ ಸ್ನೇಹದ ಮುಂದೆ, ಬಳೆಗಾರನ ಮಗ ಬರೆಯುತ್ತಾ ಕುಳಿತದ್ದನ್ನು ನೆನೆದರೆ ಓದುಗನಿಗೆ ಏನೋ ಅನ್ನಿಸುತ್ತದೆ. ಇದರಿಂದ ದುರ್ಯೋಧನನೇ ಚಾವುಂಡರಾಯ, ಕರ್ಣನೇ ರನ್ನ ಎಂದು ಸಮೀಕರಣ ಬರೆಯಲು ಹೊರಟರೆ ಅದು ಅತಿಯಾಗುತ್ತದೆ. ಕಾವ್ಯ ಹಾಗೆ ಹುಟ್ಟುವುದಿಲ್ಲ. ಅಷ್ಟು ಮಾತ್ರ ಹೇಳಬಹುದು: ಯುದ್ಧ ಮುಗಿದ ಬಯಲು ಹೇಗಿರುತ್ತದೆ, ಗೆದ್ದ ಸೇನಾಪತಿ ರಾತ್ರಿ ಬೀಡಿಗೆ ಮರಳಿ ಯಾರ ಹೆಸರು ಹೇಳಿ ಅಳುತ್ತಾನೆ ಎಂಬುದು ಅರಮನೆಯ ಸಭೆಯಲ್ಲಿ ಕುಳಿತವನಿಗೆ ತಿಳಿಯುವಂಥದ್ದಲ್ಲ. ರನ್ನನಿಗೆ ಅದು ತಿಳಿದಿತ್ತು. ಸಹೋದರನನ್ನು ಕಳೆದುಕೊಂಡ ದಂಡನಾಯಕನೊಬ್ಬ ಅವನ ಗೆಳೆಯನಾಗಿದ್ದ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನು ನಾಟಕವಾಗಿ ಹೊಂದಿಸಿದಾಗ ಅದರ ಹೆಸರಿಗೆ ತಕ್ಕಂತೆ ಗದೆಗಳು ರಂಗಕ್ಕೆ ಬಂದವು. ನೋಡುವವರ ಮನಸ್ಸಿನಲ್ಲಿ ಉಳಿದದ್ದು ದುರ್ಯೋಧನನ ದುಃಖ.

ಇತ್ತ ಚಾವುಂಡರಾಯನ ಹೆಸರಿಗೆ ಕಲ್ಲಿನಲ್ಲಿ ಏನಾಯಿತು ಎಂಬುದನ್ನೂ ನೋಡಬೇಕು. ಗೊಮ್ಮಟನ ಪಾದದ ಬಳಿ, ಇದನ್ನು ಮಾಡಿಸಿದವನು ಚಾವುಂಡರಾಯ ಎಂಬ ಚಿಕ್ಕ ಬರಹ ಇದೆ. ಅದಕ್ಕೆ ಭಂಗ ಬಂದಿಲ್ಲ. ಆದರೆ ಅದೇ ದೊಡ್ಡ ಬೆಟ್ಟದ ಮೇಲಿನ ತ್ಯಾಗದ ಬ್ರಹ್ಮದೇವರ ಕಂಬದಲ್ಲಿ ಅವನ ಪರಾಕ್ರಮಗಳನ್ನು ವಿವರವಾಗಿ ಹೇಳುವ ದೊಡ್ಡ ಶಾಸನವೊಂದು ನಾಲ್ಕು ಮುಖಗಳಲ್ಲೂ ಇತ್ತು. ಸುಮಾರು ಇನ್ನೂರು ವರ್ಷಗಳ ನಂತರ, 1200ರ ಹೊತ್ತಿಗೆ, ಹೆಗ್ಗಡೆ ಕಣ್ಣ ಎಂಬುವನು ಒಂದು ಯಕ್ಷನ ವಿಗ್ರಹವನ್ನು ಮಾಡಿಸಿದ. ಆ ಸಂಗತಿಯನ್ನು ಕೆತ್ತಿಸಲು ಅವನಿಗೆ ಜಾಗ ಬೇಕಾಯಿತು. ಕಂಬದ ಮೂರು ಮುಖಗಳನ್ನು ಉಜ್ಜಿ ಅಳಿಸಿ, ತನ್ನ ಎರಡೂವರೆ ಸಾಲುಗಳನ್ನು ಬರೆಸಿದ. ಚಾವುಂಡರಾಯನ ಆತ್ಮಚರಿತ್ರೆಯೆನ್ನಬಹುದಾಗಿದ್ದ ಬರಹದಲ್ಲಿ ಈಗ ಉಳಿದಿರುವುದು ಒಂದು ಮುಖ ಮಾತ್ರ. ಪರಶುರಾಮಚರಿತ ಗೆದ್ದಲಿನ ಬಾಯಿಗೆ ಹೋಯಿತೋ ಏನೋ. ಈ ಶಾಸನ ಹೋದದ್ದು ಮನುಷ್ಯನ ಉಳಿಗೆ. ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್, ಆರ್. ನರಸಿಂಹಾಚಾರ್ ಮೊದಲಾದವರಿಗೆ ಆ ಉಜ್ಜಿದ ಮುಖಗಳನ್ನು ನೋಡಿ ಹೊಟ್ಟೆ ಉರಿದಿದ್ದರೆ ಆಶ್ಚರ್ಯವಿಲ್ಲ.

ಜನರ ನೆನಪು ದಂಡನಾಯಕನನ್ನು ಇನ್ನೊಂದು ಬಗೆಯಲ್ಲಿ ಹಿಡಿದಿಟ್ಟಿದೆ. ಮಹಾಮಸ್ತಕಾಭಿಷೇಕದ ಹೊತ್ತಿಗೆ ಎಲ್ಲರ ಬಾಯಲ್ಲಿ ಬರುವ ಗುಳ್ಳಕಾಯಜ್ಜಿಯ ಕಥೆ ಅದು. ಕೊಡ ಕೊಡ ಹಾಲು ಸುರಿದರೂ ಗೊಮ್ಮಟನ ಮೈ ಪೂರ್ತಿ ನೆನೆಯದೆ ಸೇನಾಪತಿ ಕಂಗೆಟ್ಟಾಗ, ಮುದುಕಿಯೊಬ್ಬಳು ಪುಟ್ಟ ಗುಳ್ಳಕಾಯಿಯ ಓಡಿನಲ್ಲಿ ತಂದ ಹಾಲು ಬೆಟ್ಟದಿಂದ ಕೆಳಗೆ ಹರಿಯಿತಂತೆ. ಖೇಡಗ, ಗೋನೂರು, ಉಚ್ಚಂಗಿಯ ಕಾಳಗಗಳು ಇಂದು ಚರಿತ್ರೆಯ ವಿದ್ಯಾರ್ಥಿಗಳಿಗೆ ಬಿಟ್ಟರೆ ಯಾರಿಗೂ ಬೇಡ. ಅವನ ಗರ್ವ ಮುರಿದ ಅಜ್ಜಿ ಎಲ್ಲರಿಗೂ ಬೇಕು. ಅವಳಿಗೆ ಬೆಟ್ಟದ ಮೇಲೆ ವಿಗ್ರಹವೂ ಇದೆ.

ಬಳೆಗಾರರ ರನ್ನನಿಗೆ ಮಗನಾಗಿ ಹುಟ್ಟಿದ ರಾಯ ಮುಂದೆ ಕವಿಯಾದನೆಂದು ಹೇಳುವ ಕೃತಿಯಾಗಲಿ, ಯೋಧನಾದನೆಂದು ಹೇಳುವ ವೀರಗಲ್ಲಾಗಲಿ ನಮ್ಮ ಮುಂದಿಲ್ಲ. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದು ಗಂಗರ ರಾಜ್ಯವನ್ನು ಮುಗಿಸಿದರು. 1007ರಲ್ಲಿ, ಬಡಗಣದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬಸದಿಗೆ ಶಾಸನ ಹಾಕುತ್ತಿದ್ದರು.

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ದೊಡ್ಡ ಬೆಟ್ಟ ಹತ್ತಿ, ಗೊಮ್ಮಟನನ್ನು ನೋಡಿ, ಕಾಲು ನೋವೆಂದು ಇಳಿದು ಹೊರಟುಬಿಡುತ್ತಾರೆ. ಕೊಳದ ಆಚೆಗಿನ ಚಿಕ್ಕ ಬೆಟ್ಟ ಹತ್ತುವವರು ಕಡಿಮೆ. ಅಲ್ಲಿ ಚಾವುಂಡರಾಯನ ಹೆಸರಿನ ಬಸದಿಯಿದೆ, ವ್ರತ ಹಿಡಿದು ಸತ್ತವರ ಎಷ್ಟೋ ಶಾಸನಗಳಿವೆ. ಯಾತ್ರಿಕರು ತಮ್ಮ ಹೆಸರುಗಳನ್ನು ಬಂಡೆಯ ಮೇಲೆ ಕೆತ್ತಿಸುವ ಅಭ್ಯಾಸವೂ ಸಾವಿರ ವರ್ಷದ ಹಿಂದಿನಿಂದ ನಡೆದುಬಂದಿದೆ. ಆ ಹೆಸರುಗಳ ನಡುವೆ ಒಂದು ಬಂಡೆಯ ಮೇಲೆ 'ಶ್ರೀ ಕವಿರತ್ನ' ಎಂದು ಹಳೆಗನ್ನಡ ಲಿಪಿಯಲ್ಲಿ ಕೊರೆದಿದೆ. ಕವಿರತ್ನ ಎಂಬುದು ರನ್ನನ ಬಿರುದು. ಗೆಳೆಯನ ಬೆಟ್ಟಕ್ಕೆ ಬಂದಾಗ ಅವನೇ ಕೊರೆದದ್ದು ಅಥವಾ ಕೊರೆಸಿದ್ದು ಎಂದು ವಿದ್ವಾಂಸರು ನಂಬುತ್ತಾರೆ. ಬಂಡೆಯ ಬಳಿ ನಿಂತು ತಲೆಯೆತ್ತಿದರೆ ಎದುರಿಗೆ, ಕೊಳದಾಚೆಯ ಬೆಟ್ಟದ ಮೇಲೆ, ಗೊಮ್ಮಟನ ತಲೆ ಮತ್ತು ಹೆಗಲು ಕಾಣುತ್ತವೆ.